ಕಲ್ಲಿನ ಗೂಡು, ಕೋಳಿಯ ಕಾಲು

ನಮ್ಮ ಮನೆಗೆ ಕೋಳಿ ಬಂದದ್ದು ಚೇಳಿನ ದೆಸೆಯಿಂದ. ಇಲ್ಲದಿದ್ದರೆ ಬೆಳಗ್ಗೆ ಲಿಂಗಪೂಜೆ ಆಗದೆ ಒಲೆಯ ಮೇಲೆ ಚಹದ ನೀರನ್ನೂ ಇಡದ ನಮ್ಮಂಥವರ ಮನೆಯಲ್ಲಿ ಕೋಳಿಗೇನು ಕೆಲಸ? ಸೇಡಂನಲ್ಲಿ ಮನೆ ಕಟ್ಟಿಸಿದಾಗ ಉಳಿದ ಫರಸಿ ಕಲ್ಲುಗಳನ್ನು ನಮ್ಮ ಮನೆಯವರು ಹಿತ್ತಲಲ್ಲಿ ಒಂದರ ಮೇಲೊಂದು ಒಟ್ಟಿಸಿದ್ದರು. ಮುಂದೆ ಯಾವುದಕ್ಕಾದರೂ ಬರುತ್ತದೆ ಎನ್ನುವುದು ಅವರ ಜೀವನದ ಸಿದ್ಧಾಂತ. ಬಂತು, ಚೇಳುಗಳ ಸಂಸಾರಕ್ಕೆ ಬಂತು. ಹಾಸುಗಲ್ಲುಗಳ ನಡುವಿನ ಸಂದಿಗಳಲ್ಲಿ ಅವು ಮೂರು ತಲೆಮಾರು ಬೆಳೆಸಿದವೋ ಏನೋ, ಒಂದು ಮಳೆಗಾಲದಲ್ಲಿ ಒಂದೊಂದಾಗಿ ಮನೆಯೊಳಗೆ ಬರತೊಡಗಿದವು. ಕೊನೆಗೊಂದು ದಿನ ಬಚ್ಚಲಲ್ಲಿ ನಮ್ಮ ಅತ್ತೆಯ ಕಾಲ ಹೆಬ್ಬೆರಳಿಗೆ ಕುಟುಕಿಯೇಬಿಟ್ಟಿತು.

ನಾನು ನಮ್ಮ ಸೇಡಂ ತಾಲೂಕಿನದೇ ಆದ ಮುಧೋಳದ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಮರುದಿನ ಶಾಲೆಯಲ್ಲಿ ಈ ಸುದ್ದಿ ಹೇಳಿದಾಗ ಬಿಸಿಯೂಟದ ಅಡುಗೆಯಾಕೆ ಸೌಟು ಕೆಳಗಿಡದೆಯೇ ಉಪಾಯ ಹೇಳಿದಳು: "ಕೋಳಿ ಸಾಕ್ರಿ ಮೇಡಂ. ಚೇಳಿನ ವಂಶಾನೇ ಉಳಿಸಂಗಿಲ್ಲ ಅವು." ನಾನು ನಕ್ಕೆ. ಬಸ್ಸಿನಲ್ಲಿ ಮನೆಗೆ ಬರುವಾಗ ಮಾತ್ರ ಅದೇ ತಲೆಯಲ್ಲಿ ಕೊರೆಯತೊಡಗಿತು. ಕೋಳಿಗೆ ಚೇಳು ಕುಟುಕುವುದಿಲ್ಲವೇ? ಕುಟುಕಿದರೆ ವಿಷ ಏರುವುದಿಲ್ಲವೇ? ಇಂಥ ಪ್ರಶ್ನೆ ತಲೆಗೆ ಹೊಕ್ಕರೆ ಉತ್ತರ ಸಿಗುವವರೆಗೆ ನನಗೆ ಅನ್ನ ಇಳಿಯುವುದಿಲ್ಲ. ಅದು ನನ್ನ ಗುಣವೂ ಹೌದು, ಮನೆಯವರ ಪಾಲಿನ ಕಾಟವೂ ಹೌದು.

ಅತ್ತೆಗೆ ಹೇಳುವುದೇ ದೊಡ್ಡ ಕೆಲಸ. ನಮ್ಮ ಅತ್ತೆ ಎಂದರೆ ಒಂದೇ ಮಾತಿನವರು. ಚಂದಾ ಕೇಳುವವರು ಬಾಗಿಲಿಗೆ ಬಂದಾಗ ಅವರ ಮಗ ಒಳಗಿನಿಂದ "ಮನ್ಯಾಗ ಇಲ್ಲ ಅನ್ನವ್ವಾ" ಎಂದು ಪಿಸುಗುಟ್ಟಿದರೆ, "ಒಳಗೇ ಅದಾನ ಬರ್ರಿ, ಇಲ್ಲ ಅನ್ನಾಕ ಹೇಳಾಕತ್ತಾನ" ಎಂದು ಗಟ್ಟಿಯಾಗಿ ಹೇಳುವವರು. ಸುಳ್ಳು ಅವರ ಬಾಯಿಗೆ ಒಗ್ಗುವುದೇ ಇಲ್ಲ. ಕೋಳಿಯ ಮಾತೆತ್ತಿದರೆ ನನ್ನನ್ನೂ ಕೋಳಿಯ ಜೊತೆಗೇ ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅವರು ಪೂರ್ತಿ ಕೇಳಿದರು.

"ತಿನ್ನಾಕ ಅಲ್ಲಂದ್ರ ತರ್ರಿ. ಆದ್ರ ಹೊಸ್ತಿಲ ದಾಟಿ ಒಳಗ ಬರಬಾರ್ದು. ಅವು ಇಟ್ಟ ತತ್ತಿ ನನ್ನ ಕಣ್ಣಿಗಿ ಬೀಳಬಾರ್ದು. ಮತ್ತ ಇನ್ನೊಂದು ಮಾತು ಕೇಳು ಯವ್ವಾ. ನಮ್ಮ ಅಂಗಳದಾಗ, ನಮ್ಮ ಕೈಯಾಗ, ಒಂದೇ ಒಂದು ಜೀವ ಸತ್ತರೂ ಉಳಿದವನ್ನ ಅವತ್ತೇ ಸಾಗಹಾಕಬೇಕು. ಸಾಕಾಕ ಬರದವ್ರು ಜೀವ ತಂದು ಕಟಗೊಂಡು ಪಾಪ ಹೊತಗೋಬಾರ್ದು."

ಸಾಗಹಾಕುವುದು ಎಂದರೆ ಎಲ್ಲಿಗೆ ಎಂದು ನಮಗೆಲ್ಲ ಗೊತ್ತು. ಸಂತೆಯಲ್ಲಿ ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದು ಒಯ್ಯುವವರು ಕೋಳಿಗೆ ಚೇಳು ತಿನ್ನಿಸಲು ಒಯ್ಯುವುದಿಲ್ಲ. ನಾನು ಷರತ್ತಿಗೆ ಒಪ್ಪಿಕೊಂಡೆ. ಅಡುಗೆಯಾಕೆ ಆರು ಹೇಂಟೆ, ಒಂದು ಹುಂಜವನ್ನು ಬುಟ್ಟಿಯಲ್ಲಿ ತಂದು ಬಿಟ್ಟುಹೋದಳು.

ಚೇಳಿನ ವಿಷಯಕ್ಕೆ ಉತ್ತರ ಬೇಗನೇ ಸಿಕ್ಕಿತು. ಅತ್ತೆ ಹಿತ್ತಲಲ್ಲಿ ಪೂಜೆಗೆ ಬಿಲ್ವಪತ್ರಿ ಹರಿಯುತ್ತ ನಿಂತಿದ್ದರು. ಕಲ್ಲಿನ ಒಟ್ಟಿಲಿನಿಂದ ಕರಿ ಚೇಳೊಂದು ಹೊರಟು ಅವರ ಬರಿಗಾಲಿನತ್ತ ಬರುತ್ತಿತ್ತು. ಏಳರಲ್ಲಿ ಬೂದಿ ಬಣ್ಣದ ಒಂದು ಹೇಂಟೆ ಓಡಿಬಂದು ಅದರ ಬಾಲವನ್ನೇ ಕಚ್ಚಿ, ಫರಸಿಗೆ ನಾಲ್ಕು ಸಲ ಬಡಿದು, ಕೊಂಡಿ ಮುರಿದು, ಆಮೇಲೆ ಸಾವಕಾಶ ನುಂಗಿತು. ವಿಷ ಇರುವ ತುದಿಯನ್ನು ಮೊದಲು ಮುರಿಯಬೇಕೆಂದು ಅದಕ್ಕೆ ಯಾರು ಹೇಳಿಕೊಟ್ಟರು? ನಾನು ಬಾಯಿ ತೆರೆದು ನೋಡುತ್ತಿದ್ದೆ. ಅತ್ತೆ ಪತ್ರಿಯ ಬುಟ್ಟಿ ಎದೆಗವಚಿಕೊಂಡು ನೋಡುತ್ತಿದ್ದರು.

ಅಂದು ಸಂಜೆಯಿಂದ ಅತ್ತೆ ಕೋಳಿಗಳಿಗೆ ಜೋಳ ಹಾಕತೊಡಗಿದರು. ಒಂದು ಕೋಳಿಗೆ ಒಂದು ಹಿಡಿ, ಒಟ್ಟು ಏಳು ಹಿಡಿ. ಅಕ್ಕರೆಯಿಂದ ಅಲ್ಲ ಎಂದು ತೋರಿಸಲು, "ದುಡದವ್ರಿಗಿ ಕೂಲಿ ಕೊಡಬೇಕಲ್ಲ" ಎನ್ನುತ್ತಿದ್ದರು. ಮೊಟ್ಟೆಗಳನ್ನು ನಾನು ತೆಂಗಿನ ಕರಟದಲ್ಲಿಟ್ಟು ಕಾಂಪೌಂಡಿನ ಮೇಲಿಡುತ್ತಿದ್ದೆ. ಪಕ್ಕದ ಮನೆಯವರು ಅದನ್ನು ತೆಗೆದುಕೊಂಡು ಕರಟದಲ್ಲಿ ಒಂದೆರಡು ಲಿಂಬೆಹಣ್ಣನ್ನೋ ಕರಿಬೇವನ್ನೋ ಇಡುತ್ತಿದ್ದರು. ಅತ್ತೆ ಆ ಲಿಂಬೆಹಣ್ಣಿನ ಶರಬತ್ತು ಕುಡಿಯುವಾಗ ಅದು ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಲಿಲ್ಲ.

ಇನ್ನು ಗೂಡಿನ ವಿಷಯ. ಮೊದಮೊದಲು ಕೋಳಿಗಳು ಹಿತ್ತಲ ಬೇವಿನ ಗಿಡದ ಮೇಲೆ ಮಲಗುತ್ತಿದ್ದವು. ದೀಪಾವಳಿಯ ಹೊತ್ತಿಗೆ ಓಣಿಯಲ್ಲಿ ಕಾಡುಬೆಕ್ಕಿನ ಕಾಟ ಶುರುವಾದದ್ದರಿಂದ ಒಂದು ಮನೆ ಕಟ್ಟಿಸಬೇಕಾಯಿತು. ಯಾವುದರಿಂದ ಕಟ್ಟುವುದು ಎಂಬ ಪ್ರಶ್ನೆಯೇ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನಾನು ಹುಟ್ಟಿದ್ದು ಶಹಾಬಾದಿನಲ್ಲಿ, ಕೊಟ್ಟದ್ದು ಸೇಡಂಗೆ. ಈ ಸೀಮೆಯಲ್ಲಿ ಗೋಡೆ ಕಲ್ಲು, ಮಾಳಿಗೆ ಕಲ್ಲು, ನೀರಿನ ತೊಟ್ಟಿ ಕಲ್ಲು, ಅಡುಗೆ ಕಟ್ಟೆ ಕಲ್ಲು, ಹೊಲದ ಬದುವಿನಲ್ಲಿ ನೆಟ್ಟಗೆ ನಿಲ್ಲಿಸಿದ್ದೂ ಕಲ್ಲು. ಒಟ್ಟಿದ್ದ ಫರಸಿಗೆ ಕೊನೆಗೂ ಕೆಲಸ ಸಿಕ್ಕಿತೆಂದು ನಮ್ಮ ಮನೆಯವರು ಮೀಸೆ ತಿರುವಿದರು. ನಾಲ್ಕು ಕಡೆ ಫರಸಿ, ಮೇಲೆ ಫರಸಿ, ಕೆಳಗೆ ಫರಸಿ, ಕೋಳಿ ಕೂರುವುದಕ್ಕೆ ಗೋಡೆಯಿಂದ ಗೋಡೆಗೆ ಅಂಗೈ ಅಗಲದ ಒಂದು ಫರಸಿ ಪಟ್ಟಿ. ಸಂದಿಗಳಿಗೆಲ್ಲ ಸಿಮೆಂಟು. "ಭಾಳ ಮಜಬೂತ್ ಆಗ್ಯದ. ಭೂಕಂಪ ಆದ್ರೂ ಕೋಳಿಗಿ ಏನೂ ಆಗಂಗಿಲ್ಲ" ಎಂದರು.

ಬೇಸಿಗೆಯಲ್ಲಿ ನಾವು ಹಾಸಿಗೆ ಬಿಟ್ಟು ಬರಿ ಫರಸಿಯ ಮೇಲೆ ಉರುಳಾಡುವವರು. ಕಲ್ಲು ತಂಪು ಕೊಡುತ್ತದೆಂದೇ ಅದಕ್ಕೆ ಕೆನ್ನೆ ಒತ್ತಿ ಮಲಗುವವರು. ಅದೇ ಕಲ್ಲಿನಿಂದ ಚಳಿಗಾಲಕ್ಕೆ ಬೆಚ್ಚನೆಯ ಮನೆ ಕಟ್ಟಿದೆವು. ಇಂಥ ಬುದ್ಧಿವಂತಿಕೆ ನಮ್ಮ ಸೀಮೆಯವರಿಗೇ ಹೊಳೆಯಬೇಕು.

ಕಾರ್ತಿಕ ಮುಗಿದು ಚಳಿ ಬಿತ್ತು. ಮಧ್ಯಾಹ್ನ ನೆತ್ತಿ ಸುಡುವ ಊರಲ್ಲಿ ಬೆಳಗಿನ ಚಳಿ ಎಂಥದ್ದೆಂದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ನಸುಕಿನ ಬಸ್ಸಿಗೆ ನಿಂತವರೆಲ್ಲ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಸೆರಗು. ನಾನು ಹೊರಡುವ ಮೊದಲು ಗೂಡಿನ ಬಾಗಿಲು ತೆಗೆಯುತ್ತಿದ್ದೆ. ಒಂದು ದಿನ ಬಗ್ಗಿ ನೋಡಿದರೆ ಏಳೂ ಕೋಳಿಗಳು ಆ ಫರಸಿ ಪಟ್ಟಿಯ ಮೇಲೆ ಒಂಟಿ ಕಾಲಿನಲ್ಲಿ ನಿಂತಿದ್ದವು. ಸ್ವಲ್ಪ ಹೊತ್ತಿಗೆ ಆ ಕಾಲು ಎತ್ತಿ ಈ ಕಾಲು ಇಳಿಸಿದವು. ಮತ್ತೆ ಈ ಕಾಲು ಎತ್ತಿ ಆ ಕಾಲು. ಬೇವಿನ ಕೊಂಬೆಯ ಮೇಲೆ ಇದ್ದಾಗ ಹೀಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಅಲ್ಲಿ ಗಾಳಿ ಹೊಡೆಯುತ್ತಿತ್ತು, ಇಲ್ಲಿ ನಾಲ್ಕು ಗೋಡೆಗಳಿವೆ. ಆದರೂ ಅಲ್ಲಿ ಕೂರುತ್ತಿದ್ದವು, ಇಲ್ಲಿ ನಿಂತಿವೆ. ಯಾಕೆ?

ಅವತ್ತು ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ಕೂತು, ಚಳಿಗಾಲದಲ್ಲಿ ಕೋಳಿ ಹೇಗೆ ಸಾಕುತ್ತಾರೆಂದು ಸಿಕ್ಕವರನ್ನೆಲ್ಲ ಕೇಳಿದೆ. ಚಿತ್ತಾಪುರದಿಂದ ಬರುವ ನಮ್ಮ ಶಾಲೆಯ ಇನ್ನೊಬ್ಬ ಟೀಚರು, "ನಮ್ಮ ಓಣ್ಯಾಗ ಬುಟ್ಟಿ ಬೋರಲ ಹಾಕಿ ಮ್ಯಾಲ ಗೋಣಿಚೀಲ ಹೊದಸ್ತಾರ್ರೀ" ಎಂದರು. ವಾಡಿಯಿಂದ ಬಂದಿದ್ದ ಹೆಂಗಸೊಬ್ಬರು ಗೂಡಿನಲ್ಲಿ ಬಲ್ಬು ಹಾಕಿಸಿದ್ದರಂತೆ. ಕೋಳಿ ಬೆಚ್ಚಗಿದ್ದವಂತೆ, ಆದರೆ ಹುಂಜ ಬೆಳಗಾಯಿತೆಂದು ರಾತ್ರಿಯಿಡೀ ಕೂಗಿ ಪಕ್ಕದ ಮನೆಯವರ ಜೊತೆ ಜಗಳವಾಯಿತಂತೆ. ಚಿಂಚೋಳಿ ಕಡೆಯ ಕಂಡಕ್ಟರು ಟಿಕೆಟು ಹರಿಯುವುದು ಬಿಟ್ಟು ನಿಂತರು: "ನಮ್ಮ ಕಡಿ ಕೋಳಿಗಿ ಮನೀನೇ ಇಲ್ರೀ ಮೇಡಂ. ಗಿಡದ ಮ್ಯಾಲ ಕುಂದ್ರತಾವ. ಮಳಿ ಬರ್ಲಿ, ಚಳಿ ಬರ್ಲಿ, ಅಲ್ಲೇ." ಒಬ್ಬರ ಮಾತು ಇನ್ನೊಬ್ಬರಿಗೆ ಸರಿಬರಲಿಲ್ಲ. ಆ ಟೀಚರಿಗೂ ನನಗೂ ಇಳಿಯುವ ಊರು ದಾಟಿಹೋದದ್ದೂ ತಿಳಿಯಲಿಲ್ಲ.

ಮನೆಯವರು ಫೋನಿನಲ್ಲಿ ಹುಡುಕಿ ಒಂದು ವಿಡಿಯೋ ತೋರಿಸಿದರು. ಯಾವುದೋ ಹಿಮದ ದೇಶದಲ್ಲಿ ಕೋಳಿಗಳಿಗೆ ಉಣ್ಣೆಯ ಅಂಗಿ ತೊಡಿಸಿದ್ದರು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಚಂದ ಅದ. ನನ್ನ ಕೈಲೆ ಹೆಣೆಯಾಕ ಆಗಂಗಿಲ್ಲ ಮತ್ತ, ಈಗೇ ಹೇಳ್ತೀನಿ" ಎಂದರು.

ನಾನು ಶಾಲೆಯಿಂದ ಥರ್ಮಾಮೀಟರ್ ತಂದೆ. ಬೆಳಗ್ಗೆ ಗೂಡಿನ ಒಳಗೆ ಇಟ್ಟು ನೋಡಿದರೆ ಹೊರಗಿಗಿಂತ ಹೇಳಿಕೊಳ್ಳುವಂಥ ಬಿಸಿಯೇನೂ ಇರಲಿಲ್ಲ. ಆಮೇಲೆ ಸುಮ್ಮನೆ ಒಂದು ಹೇಂಟೆಯ ರೆಕ್ಕೆಯಡಿ ಬೆರಳು ತೂರಿಸಿದೆ. ಅಬ್ಬಾ! ಜ್ವರ ಬಂದ ಮಗುವಿನ ಕಂಕುಳಿನ ಹಾಗೆ ಸುಡುತ್ತಿತ್ತು. ಕೋಳಿಯ ಮೈ ನಮ್ಮ ಮೈಗಿಂತ ಬಿಸಿ ಎಂದು ಮಕ್ಕಳಿಗೆ ಎಷ್ಟು ವರ್ಷ ಹೇಳಿದ್ದೇನೋ, ಬೆರಳಿಗೆ ತಗುಲಿದ್ದು ಅವತ್ತೇ. ಇಷ್ಟು ಬಿಸಿ ಇರುವ ಏಳು ಜೀವಗಳು ಒಂದು ಸಣ್ಣ ಕೋಣೆಯಲ್ಲಿ ರಾತ್ರಿಯಿಡೀ ಇದ್ದರೆ ಆ ಬಿಸಿಯೆಲ್ಲ ಎಲ್ಲಿ ಹೋಯಿತು?

ಉತ್ತರ ತಲೆಯ ಮೇಲೆಯೇ ಬಿತ್ತು. ಬಗ್ಗಿ ನಿಂತವಳ ಕುತ್ತಿಗೆಗೆ ತಣ್ಣನೆಯ ಹನಿ. ಕೈಯಾಡಿಸಿದರೆ ಮೇಲಿನ ಫರಸಿಯ ತಳವೆಲ್ಲ ಬೆವತು ನೀರು ಕಟ್ಟಿತ್ತು, ಗೋಡೆಯೂ ಒದ್ದೆ. ಕೋಳಿಗಳು ಉಸಿರಾಡಿದ ಹಸಿ ಹೊರಗೆ ಹೋಗಲು ದಾರಿಯಿಲ್ಲದೆ ಕಲ್ಲಿಗೆ ತಗುಲಿ ನೀರಾಗಿ ಅವುಗಳ ಬೆನ್ನ ಮೇಲೇ ಬೀಳುತ್ತಿತ್ತು. ಹಿಕ್ಕೆಯ ಘಾಟು ಕಣ್ಣು ಉರಿಸುತ್ತಿತ್ತು. ಬೂದಿ ಹೇಂಟೆ ಮೂಲೆಯಲ್ಲಿ ನಿಂತು ಸೀನಿತು. ಕೋಳಿ ಸೀನುತ್ತದೆ ಎನ್ನುವುದು ಕೂಡ ನನಗೆ ಹೊಸ ವಿಷಯವೇ.

ಅದರ ಸೀನು ಕೇಳಿದಾಗಿನಿಂದ ನನಗೆ ಹೆದರಿಕೆ ಹತ್ತಿತು. ಒಂದು ಸತ್ತರೆ ಏಳೂ ಹೋಗುತ್ತವೆ. ಪಶುವೈದ್ಯರ ಹತ್ತಿರ ಹೋಗಿ ನೀರಿಗೆ ಹಾಕುವ ಪುಡಿ ತಂದೆ. ಮನೆಯವರಿಂದ ಮಾಡಿನ ಕೆಳಗೆ, ಕೋಳಿಗಳ ತಲೆಗಿಂತ ಮೇಲೆ, ಎರಡು ಕಡೆ ಸಿಮೆಂಟು ಒಡೆಸಿ ಒಂದೊಂದು ಗೇಣಿನ ಕಿಂಡಿ ಮಾಡಿಸಿ, ಬೆಕ್ಕು ನುಗ್ಗದಂತೆ ಒಳಗಿನಿಂದ ಜಾಲರಿ ಬಡಿಸಿದೆ. ಮಜಬೂತ್ ಗೂಡಿಗೆ ಸುತ್ತಿಗೆ ಹಾಕಬೇಕಾದಾಗ ಅವರ ಮುಖ ನೋಡುವಂತಿತ್ತು. ನೆಲಕ್ಕೆ ಒಣಗಿದ ತೊಗರಿ ಹೊಟ್ಟು ಹರಡಿದೆ.

ಕಿಂಡಿ ಕಂಡದ್ದೇ ತಡ, ಅತ್ತೆ ಕೆರಳಿದರು. "ಚಳಿಯಾಗ ಯಾರಾದ್ರೂ ಗ್ವಾಡಿ ಒಡೀತಾರೇನು? ಗಾಳಿ ಬಡದು ಸಾಯ್ತಾವ ಅವು."

"ಗಾಳಿ ಮ್ಯಾಲಿಂದ ಹೋಗ್ತದ್ರೀ ಅತ್ತಿ, ಅವಕ್ಕ ತಾಕಂಗಿಲ್ಲ. ಹಸಿ ಹೊರಗ ಹೋಗ್ಬೇಕು."

"ನಾ ಏಳು ಬಾಣಂತನ ಮಾಡೀನಿ. ಕಿಡಕಿ ತಗದಿಟ್ಟು ಯಾವ ಕೂಸಿಗೂ ಬೆಚ್ಚಗ ಮಾಡಿಲ್ಲ" ಎಂದು ಅವರು ನನ್ನ ವಿಜ್ಞಾನವನ್ನು ಅಲ್ಲಿಗೇ ಮುಗಿಸಿದರು.

ಆಮೇಲೆ ನಮ್ಮಿಬ್ಬರ ನಡುವೆ ಒಂದು ಮೂಕ ಯುದ್ಧವೇ ನಡೆಯಿತು. ಸಂಜೆ ನಾನು ಕಿಂಡಿ ತೆರೆದಿಟ್ಟರೆ ಬೆಳಗ್ಗೆ ಅದರಲ್ಲಿ ಹಳೆಯ ಸೀರೆಯ ಚಿಂದಿ ತುರುಕಿರುತ್ತಿತ್ತು. ಕೌದಿ ಹೊಲಿಯಲೆಂದು ಅತ್ತೆ ಕೂಡಿಟ್ಟ ಮೆತ್ತನೆಯ ಚಿಂದಿ ಅದು. ನಾನು ಕಿತ್ತು ಮಡಚಿ ಅವರ ಗಂಟಿನಲ್ಲಿಡುತ್ತಿದ್ದೆ, ಅವರು ಮತ್ತೆ ತುರುಕುತ್ತಿದ್ದರು. ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು ನನಗೆ. ಆದರೂ ಹೊಸ್ತಿಲೊಳಗೆ ಕೋಳಿ ಬರಬಾರದೆಂದವರು ತಮ್ಮ ಕೌದಿಯ ಚಿಂದಿಯನ್ನು ಕೋಳಿಗೆ ಕೊಡುತ್ತಿದ್ದಾರಲ್ಲ ಎಂದು ಆಶ್ಚರ್ಯವೂ ಆಗುತ್ತಿತ್ತು.

ಕಾಲಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ಒಂದು ಭಾನುವಾರ ಸಂಜೆ ಹುಂಜ ಗೂಡಿಗೆ ಹೋಗದೆ ಬೇವಿನ ಕೊಂಬೆ ಹತ್ತಿ ಕೂತಿತು. ನಾನು ಕುರ್ಚಿ ಹಾಕಿಕೊಂಡು ಅದರ ಎದುರೇ ಕೂತೆ. ಕಾಲು ಮಡಚಿತು, ಎದೆಯನ್ನು ಕೆಳಗಿಳಿಸಿತು, ಹೊಟ್ಟೆಯ ಪುಕ್ಕಗಳನ್ನು ಉಬ್ಬಿಸಿತು. ಬೆರಳುಗಳು ಒಂದೊಂದಾಗಿ ಪುಕ್ಕದೊಳಗೆ ಮಾಯವಾದವು. ಮೈಯ ಬಿಸಿಯೆಲ್ಲ ಬೆರಳಿನ ಮೇಲೆ! ಕೋಳಿಯ ಮೈಯಲ್ಲಿ ಪುಕ್ಕ ಇಲ್ಲದ್ದು ಕಾಲಿಗೆ, ಆ ಕಾಲಿಗೆ ಅದು ತನ್ನನ್ನೇ ಹೊದಿಸಿಕೊಳ್ಳುತ್ತದೆ. ಕೆಳಗೆ ಕಟ್ಟಿಗೆ ಇದ್ದರೆ ಆ ಬಿಸಿ ಅಲ್ಲೇ ನಿಲ್ಲುತ್ತದೆ. ಫರಸಿ ಇದ್ದರೆ ಕಲ್ಲು ಅದನ್ನು ಕುಡಿದುಬಿಡುತ್ತದೆ, ಕೂತಷ್ಟೂ ಹೊಟ್ಟೆಯೇ ತಣ್ಣಗಾಗುತ್ತದೆ. ಅದಕ್ಕೇ ಅಲ್ಲಿ ಕೂರದೆ ನಿಲ್ಲುತ್ತಿದ್ದವು. ಎದ್ದು ಹೋಗಿ ಬರಿಗಾಲಿನಲ್ಲಿ ಹಿತ್ತಲ ಫರಸಿಯ ಮೇಲೆ ನಿಂತೆ. ನೂರು ಎಣಿಸುವ ಮೊದಲೇ ನಾನೂ ಕಾಲು ಬದಲಿಸಿದೆ. ನಗು ಬಂತು.

"ದಪ್ಪ ಕಟ್ಟಿಗಿ ಬೇಕ್ರಿ. ಅಂಗೈಯಷ್ಟು ಅಗಲ, ಸಿಬಿರಿಲ್ಲದ ನುಣುಪಂದು, ಅಂಚು ಗುಂಡಗಿರಬೇಕು" ಎಂದು ಮನೆಯವರಿಗೆ ಹೇಳಿದೆ. ಬಡಿಗನನ್ನು ಕೇಳುತ್ತೇನೆ ಎಂದರು. ಹೇಳುತ್ತ ಹೇಳುತ್ತ ನನ್ನ ಕಣ್ಣು ಪಡಸಾಲೆಯ ಗೋಡೆಯ ಕಡೆ ಹೋಯಿತು. ಅಲ್ಲಿ ನಮ್ಮ ಮಾವನವರ ನೊಗ ತೂಗುಹಾಕಿತ್ತು.

ಮಾವ ತೀರಿಕೊಂಡು ಬಹಳ ವರ್ಷಗಳಾದವು. ತೆಂಗಳಿ ಊರಲ್ಲಿರುವ ನಮ್ಮ ಹೊಲವನ್ನು ಈಗ ಟ್ರ್ಯಾಕ್ಟರು ಉಳುತ್ತದೆ. ಅವರ ಎತ್ತುಗಳು ಹೋದವು, ಬಂಡಿ ಹೋಯಿತು, ಉಳಿದದ್ದು ಆ ನೊಗ ಒಂದೇ. ಎತ್ತಿನ ಹೆಗಲು ತಾಗಿ ತಾಗಿ ಅದರ ಎರಡೂ ಮಗ್ಗುಲು ನುಣ್ಣಗೆ ಹೊಳೆಯುತ್ತಿತ್ತು. ಕಾರಹುಣ್ಣಿಮೆಗೆ ಅತ್ತೆ ಅದಕ್ಕೆ ಎಣ್ಣೆ ಸವರಿ ವಿಭೂತಿ ಹಚ್ಚಿ ಹೋಳಿಗೆ ತೋರಿಸುತ್ತಿದ್ದರು. ಅದನ್ನು ಬೇರೆಯವರು ಒರೆಸುವುದಕ್ಕೂ ಬಿಡುತ್ತಿರಲಿಲ್ಲ.

ನನ್ನ ಕಣ್ಣು ಎಲ್ಲಿ ನಿಂತಿತೆಂದು ಅತ್ತೆ ನೋಡಿಬಿಟ್ಟರು. "ಅದರ ಕಡಿ ನೋಡಬ್ಯಾಡ" ಎಂದರು. ನಾನು ನೋಡಲಿಲ್ಲ. ಅದರ ಮೇಲೆ ಕೋಳಿ ಹಿಕ್ಕೆ ಹಾಕುವುದನ್ನು ನೆನೆದು ನನಗೇ ನಾಚಿಕೆಯಾಯಿತು.

ಬಡಿಗ ಇವತ್ತು ನಾಳೆ ಎನ್ನುತ್ತ ಎಳೆದ. ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಎಲ್ಲರೂ ತೆಂಗಳಿಯ ಹೊಲಕ್ಕೆ ಹೋಗಿ ಬೆಳೆಯ ನಡುವೆ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಕಾಳು-ಕಾಯಿಪಲ್ಲೆಗಳ ಭಜ್ಜಿ ಉಂಡೆವು. ಅತ್ತೆ ಊಟದ ನಡುವೆ ಎರಡು ಸಲ "ಮನ್ಯಾಗ ಅವಕ್ಕ ನೀರು ಇಟ್ಟಿಯಿಲ್ಲೋ" ಎಂದು ಕೇಳಿದರು. 'ಅವಕ್ಕೆ' ಎಂದರೆ ಯಾವಕ್ಕೆ ಎಂದು ನಮ್ಮ ಮನೆಯವರು ಚೇಷ್ಟೆ ಮಾಡಿದಾಗ ಸಿಟ್ಟು ಮಾಡಿಕೊಂಡರು. ತಿರುಗಿ ಬಂದಾಗ ಬೂದಿ ಹೇಂಟೆ ಗೂಡಿನ ಬಾಗಿಲಲ್ಲಿ ಕಣ್ಣು ಮುಚ್ಚಿ ಕೂತಿತ್ತು. ಉಸಿರಾಡಿದರೆ ಗೊರಗೊರ ಸದ್ದು. ಅತ್ತೆ ಜೋಳ ಹಾಕಿದರು. ಅದು ಒಂದು ಕಾಳನ್ನೂ ಮುಟ್ಟಲಿಲ್ಲ. ಅವರು ಕೂತು ಅದರ ಮುಂದೆ ಕಾಳನ್ನು ಇನ್ನಷ್ಟು ಹತ್ತಿರ ಸರಿಸಿದರು. ಕೋಳಿಯನ್ನು ಮುಟ್ಟದ ಕೈ ಅದು, ಅವತ್ತೂ ಮುಟ್ಟಲಿಲ್ಲ.

ನಾನು ಅದಕ್ಕೆ ಪುಡಿ ಹಾಕಿದ ನೀರು ಕುಡಿಸಿ, ತೊಗರಿ ಹೊಟ್ಟಿನ ಮೇಲೆ ಕೂರಿಸಿ, ಕಿಂಡಿಗಳು ತೆರೆದಿವೆಯೇ ಎಂದು ನೋಡಿ ಬಂದೆ. "ಇವತ್ತೊಂದಿನ ಮುಚ್ಚಬ್ಯಾಡ್ರಿ ಅತ್ತಿ" ಎಂದು ಮೊದಲ ಸಲ ಬಾಯಿಬಿಟ್ಟು ಕೇಳಿಕೊಂಡೆ. ಅವರು ಕೌದಿಯನ್ನು ಮುಖದವರೆಗೆ ಎಳೆದುಕೊಂಡು ಆ ಕಡೆ ಹೊರಳಿದರು. ಆ ರಾತ್ರಿ ಬಿದ್ದಷ್ಟು ಚಳಿ ಆ ಚಳಿಗಾಲದಲ್ಲಿ ಮತ್ತೆ ಬೀಳಲಿಲ್ಲ.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಅತ್ತೆಯ ಸ್ನಾನವಾಗಿತ್ತು. ತಲೆಗೂ ನೀರು ಹಾಕಿಕೊಂಡಿದ್ದರು. ಎಂದಿನ ಹೊತ್ತಿಗಿಂತ ಅದು ಬಹಳ ಮೊದಲು. ಹಿತ್ತಲಿಗೆ ಹೋದೆ. ಹಗ್ಗದ ಮೇಲೆ ತೊಳೆದು ಹಾಕಿದ ಸೀರೆಯ ಚಿಂದಿಗಳು ತೊಟ್ಟಿಕ್ಕುತ್ತಿದ್ದವು. ಗೂಡಿನ ಬಾಗಿಲು ತೆಗೆದೆ. ಐದು ಹೇಂಟೆ, ಒಂದು ಹುಂಜ ಹೊರಗೆ ಬಂದವು. ಬಗ್ಗಿ ನೋಡಿದೆ. ಒಳಗೆ ಏನೂ ಇರಲಿಲ್ಲ.

ಅತ್ತೆ ಪೂಜೆಗೆ ಕೂರುವ ಮಣೆ ಒರೆಸುತ್ತಿದ್ದರು. "ಅತ್ತಿ, ಬೂದಿ ಎಲ್ಲಿ ಹೋತು?"

"ಯಾವ ಬೂದಿ?"

"ಬೂದಿ ಹ್ಯಾಟಿ. ಏಳು ಇದ್ದವಲ್ರೀ."

"ಆರೇ ಇದ್ದವು" ಎಂದರು ಅತ್ತೆ, ಮಣೆಯಿಂದ ತಲೆಯೆತ್ತದೆ. "ಸಾಲ್ಯಾಗ ಲೆಕ್ಕಾ ಹೇಳಂಗಿಲ್ಲ ಅಂತ ನಿನಗ ಎಣಸಾಕೂ ಬರಂಗಿಲ್ಲೇನು? ಮೊದಲಿಂದೂ ಆರೇ."

ಮತ್ತೆ ಹಿತ್ತಲಿಗೆ ಬಂದೆ. ಪತ್ರಿ ಗಿಡದ ಬುಡದಲ್ಲಿ ಮಣ್ಣು ಹೊಸದಾಗಿತ್ತು. ಅದರ ಮೇಲೆ ಒಡೆದ ಫರಸಿಯ ಒಂದು ಚೂರು, ಫರಸಿಯ ಮೇಲೆ ಮೂರು ಬೆರಳಿನಿಂದ ಎಳೆದ ವಿಭೂತಿ, ಒಂದೆಸಳು ಪತ್ರಿ. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತೇವೆ. ಹೋದವರಿಗೆ ವಿಭೂತಿ ಹಚ್ಚಿ, ಪತ್ರಿ ಇಟ್ಟು ಮಣ್ಣು ಕೊಡುತ್ತೇವೆ. ನಸುಕಿನ ಚಳಿಯಲ್ಲಿ ಒಬ್ಬರೇ ಗುಂಡಿ ತೋಡಿ, ಎಂದೂ ಮುಟ್ಟದ ಕೋಳಿಯನ್ನು ಕೈಯಾರೆ ಎತ್ತಿ ಒಳಗಿಟ್ಟು, ಮನೆಯವರಿಗೆ ಮಾಡುವುದನ್ನೆಲ್ಲ ಅದಕ್ಕೂ ಮಾಡಿದ್ದರು. ಆಮೇಲೆ ತಲೆಗೆ ನೀರು ಹಾಕಿಕೊಂಡು ಬಂದು ಸುಳ್ಳು ಹೇಳಿದ್ದರು.

ರಾತ್ರಿ ಮತ್ತೆ ಚಿಂದಿ ತುರುಕಿದ್ದಕ್ಕೆ ಅದು ಸತ್ತಿತೋ, ಮೊದಲೇ ಅದರ ರೋಗ ಕೈಮೀರಿತ್ತೋ, ನನಗೆ ಗೊತ್ತಿಲ್ಲ. ಅತ್ತೆ ಏನೆಂದುಕೊಂಡಿದ್ದರು ಎಂಬುದು ಮಾತ್ರ ಆ ತೊಳೆದ ಚಿಂದಿಗಳನ್ನು ನೋಡಿದಾಗ ಗೊತ್ತಾಯಿತು. ನನಗೆ ತಡೆಯಲಾರದಷ್ಟು ಅಳು ಬಂತು. ಕೋಳಿಗಾಗಿ ಎಷ್ಟು ಅತ್ತೆನೋ, ಅತ್ತೆಗಾಗಿ ಎಷ್ಟು ಅತ್ತೆನೋ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರ ಮೇಲೆ ಅಷ್ಟು ಅಕ್ಕರೆ ನನಗೆ ಎಂದೂ ಹುಟ್ಟಿರಲಿಲ್ಲ.

ಕಣ್ಣೊರೆಸಿಕೊಂಡು ಒಳಗೆ ಹೋದೆ. "ಹೌದ್ರಿ ಅತ್ತಿ. ಆರೇ ಇದ್ದವು" ಎಂದೆ.

ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ಬಂದ ಮನೆಯವರು, "ಯಾವು ಆರು? ಕೋಳಿ ಏಳಲ್ಲೇನು?" ಎಂದರು.

"ಆರು!" ಎಂದೆವು ನಾವಿಬ್ಬರೂ ಒಟ್ಟಿಗೇ. ಅವರು ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಬಚ್ಚಲಿಗೆ ಹೋದರು.

ಅವತ್ತು ಸಂಜೆ ನಾನು ಶಾಲೆಯಿಂದ ಬಂದಾಗ ಮನೆಯವರು ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ನಿಂತಿದ್ದರು, ಕೈಯಲ್ಲಿ ನೊಗ. ಅತ್ತೆ ಕೆಳಗೆ ನಿಂತು ಇನ್ನೊಂದು ತುದಿ ಹಿಡಿದಿದ್ದರು.

"ಇದು ಅಪ್ಪಂದು ಅವ್ವಾ. ಬಡಿಗ ನಾಳಿ ಕೊಡ್ತೀನಿ ಅಂದಾನ" ಎಂದು ಮನೆಯವರು ಹೇಳುತ್ತಿದ್ದರು.

"ಬಡಿಗ ಬರೋದ್ರಾಗ ಚಳೀನೇ ಮುಗೀತದ. ಇಳಸು. ಎತ್ತಿನ ಹೆಗಲಿಗಿ ಒಂದಿನಾನೂ ಹುಣ್ಣು ಮಾಡಿಲ್ಲ ಇದು. ಕೋಳಿ ಕಾಲಿಗಿ ಏನ್ ಮಾಡ್ತದ?"

ನೊಗದ ಒಂದು ತುದಿಯನ್ನು ಸ್ವಲ್ಪ ಕೊಯ್ಯಬೇಕಾಯಿತು. ಗರಗಸ ಆಡುವಾಗ ಅತ್ತೆ ಒಳಗೆ ಹೋದರು, ಮುಗಿದ ಮೇಲೆ ಹೊರಗೆ ಬಂದರು. ಫರಸಿ ಪಟ್ಟಿಯನ್ನು ಕಿತ್ತು ಆ ಜಾಗದಲ್ಲಿ ನೊಗ ಕೂರಿಸಿದೆವು. ಕಿಂಡಿಗಳು ತೆರೆದೇ ಇದ್ದವು. ಚಿಂದಿಗಳು ಒಣಗಿ ಕೌದಿಯ ಗಂಟು ಸೇರಿದ್ದವು, ಮತ್ತೆ ಆ ಕಿಂಡಿಯಲ್ಲಿ ಅವು ಕಾಣಿಸಲಿಲ್ಲ.

ಹೊತ್ತು ಮುಳುಗುವಾಗ ಕೋಳಿಗಳು ಒಂದೊಂದಾಗಿ ಒಳಗೆ ಹೋದವು. ಮೊದಲು ಹುಂಜ ನೊಗವನ್ನು ಕುಕ್ಕಿ ನೋಡಿತು, ಹಾರಿತು, ಕೂತಿತು. ಉಳಿದವು ಅದರ ಮಗ್ಗುಲಿಗೆ ಒತ್ತಿಕೊಂಡು ಕೂತವು. ಕಾಲು ಮಡಚಿದವು, ಪುಕ್ಕ ಉಬ್ಬಿಸಿದವು, ಬೆರಳುಗಳು ಮಾಯವಾದವು. ಒಂದೂ ನಿಲ್ಲಲಿಲ್ಲ. ಅತ್ತೆ ನನ್ನ ಪಕ್ಕದಲ್ಲಿ ಬಗ್ಗಿ ಒಳಗೆ ನೋಡಿದರು. "ಕುಂತವ ನೋಡು" ಎಂದರು ಮೆಲ್ಲಗೆ.

ಆಮೇಲೆ ಒಂದು ಚಳಿಗಾಲ ಕಳೆದಿದೆ, ಇನ್ನೊಂದು ನಡೆಯುತ್ತಿದೆ. ಆರೂ ಗಟ್ಟಿಯಾಗಿವೆ. ಹೇಂಟೆಯೊಂದು ಕಾವಿಗೆ ಕೂತಾಗ ಮರಿ ಮಾಡಿಸೋಣವೇ ಎಂದು ಕೇಳಿದ್ದೆ. "ಇದ್ದಷ್ಟೇ ಸಾಕು" ಎಂದರು ಅತ್ತೆ. ಕಾರಹುಣ್ಣಿಮೆಯ ದಿನ ಮಾತ್ರ ಬೆಳಗ್ಗೆಯೇ ಅವರು ಬಿಸಿನೀರು ತೆಗೆದುಕೊಂಡು ಗೂಡಿಗೆ ಹೋಗುತ್ತಾರೆ. ನೊಗವನ್ನು ತಿಕ್ಕಿ ತೊಳೆದು, ಎಣ್ಣೆ ಸವರಿ, ವಿಭೂತಿ ಹಚ್ಚಿ, ಹೋಳಿಗೆ ತೋರಿಸಿ ಬರುತ್ತಾರೆ. ತೋರಿಸಿದ ಹೋಳಿಗೆಯನ್ನು ಕೋಳಿಗಳೇ ತಿನ್ನುತ್ತವೆ.

ಈಗಲೂ ಸಂಜೆಯಾದರೆ ಅವರು ಮೊರದಲ್ಲಿ ಜೋಳ ತೆಗೆದುಕೊಂಡು ಹಿತ್ತಲಿಗೆ ಬಂದು, ಒಂದು ಕೋಳಿಗೆ ಒಂದು ಹಿಡಿಯಂತೆ ಹಾಕುತ್ತಾರೆ. ನಾನು ಹಿತ್ತಲ ಬಾಗಿಲಲ್ಲಿ ಚಹದ ಲೋಟ ಹಿಡಿದು ನಿಂತು ಎಣಿಸುತ್ತೇನೆ, ಅದು ನನ್ನ ಚಾಳಿ. ಆರು ಹಿಡಿ ಗೂಡಿನ ಮುಂದೆ ಬೀಳುತ್ತವೆ. ಏಳನೆಯದನ್ನು ಅವರು ಪತ್ರಿ ಗಿಡದ ಬುಡಕ್ಕೆ ಹಾಕಿ, ಖಾಲಿ ಮೊರ ಝಾಡಿಸಿಕೊಂಡು ಒಳಗೆ ಬರುತ್ತಾರೆ.